ಬಳ್ಳಾರಿ ಜೀನ್ಸ್: ಪೀಸ್ ದರದಲ್ಲಿ ಕರಗುವ ಕುಶಲತೆ

ಬಳ್ಳಾರಿಯನ್ನು ಜೀನ್ಸ್ ರಾಜಧಾನಿಯನ್ನಾಗಿ ಮಾಡುವ ಮಾತು ಹಳತಾಗುತ್ತಿದೆ. 2023ರ ಏಪ್ರಿಲ್‌ನಲ್ಲಿ, ವಿಧಾನಸಭಾ ಚುನಾವಣೆಯ ಪ್ರಚಾರಕ್ಕೆ ಬಂದಿದ್ದ ಕಾಂಗ್ರೆಸ್ ನಾಯಕ ರಾಹುಲ್ ಗಾಂಧಿ 5,000 ಕೋಟಿ ರೂ.ಗಳ ಜೀನ್ಸ್ ಅಪೆರಲ್ ಪಾರ್ಕ್‌ನ ಭರವಸೆ ನೀಡಿದ್ದರು. ಅಂದಿನಿಂದ ನಡೆದಿರುವ ಚರ್ಚೆಯೆಲ್ಲ ಜಮೀನು, ನೀರು, ವಿದ್ಯುತ್ ಮತ್ತು ಸಬ್ಸಿಡಿಯ ಸುತ್ತಲೇ ಇದೆ. ಹೊಲಿಯುವ ಕೈಗೆ ಎಷ್ಟು ಕೂಲಿ, ಅದನ್ನು ನಿಗದಿ ಮಾಡುವವರು ಯಾರು ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಎತ್ತುತ್ತಿಲ್ಲ.

ಈ ಊರಿನ ಹೊಲಿಗೆ ಕಸುಬಿಗೆ ದಂಡುಪ್ರದೇಶದ ಇತಿಹಾಸವಿದೆ. ಬ್ರಿಟಿಷ್ ಸೈನಿಕರ ಸಮವಸ್ತ್ರ ಹೊಲಿಯಲೆಂದು ಬಂದ ಮರಾಠಿ ಮಾತನಾಡುವ ದರ್ಜಿಗಳಿಂದ ಕಸುಬು ಇಲ್ಲಿ ಬೇರೂರಿತೆಂದು ಹೇಳಲಾಗುತ್ತದೆ. ಇಂದು ಕೌಲ್‌ಬಜಾರ್‌ನಂಥ ಬಡಾವಣೆಗಳ ಮನೆ ಮನೆಗಳಲ್ಲಿ ಯಂತ್ರಗಳ ಸದ್ದಿದೆ. ಒಂದು ಪ್ಯಾಂಟ್ ಹತ್ತಾರು ಕೈ ದಾಟಿ ಸಿದ್ಧವಾಗುತ್ತದೆ. ಕಟಿಂಗ್ ಮಾಸ್ಟರ್ ಹತ್ತಾರು ಪದರ ಬಟ್ಟೆಯನ್ನು ಒಮ್ಮೆಗೇ ಕತ್ತರಿಸುತ್ತಾನೆ. ಅವನ ಕೈ ಅರ್ಧ ಇಂಚು ಜಾರಿದರೆ ಅಷ್ಟೂ ಪದರ ವ್ಯರ್ಥ. ಜೇಬು, ಜಿಪ್, ಪಟ್ಟಿ, ಲೂಪ್ ಒಬ್ಬೊಬ್ಬರ ಪಾಲು. ದಪ್ಪ ಡೆನಿಮ್‌ನ ನಾಲ್ಕು ಮಡಿಕೆ ಕೂಡುವಲ್ಲಿ ಸೂಜಿ ಮುರಿಯದಂತೆ, ಎರಡು ಸಾಲು ಹೊಲಿಗೆ ಓರೆಯಾಗದಂತೆ ಯಂತ್ರ ಓಡಿಸುವುದು ವರ್ಷಗಟ್ಟಲೆ ಕೂತು ಕಲಿತ ವಿದ್ಯೆ. ಒಳ್ಳೆಯ ಟೈಲರ್ ಯಾರೆಂದು ಇನ್ನೊಬ್ಬ ಟೈಲರ್ ಹೊಲಿಗೆ ನೋಡಿಯೇ ಹೇಳಬಲ್ಲ.

ಆದರೆ ಈ ಹೆಮ್ಮೆಗೆ ಬೆಲೆ ಕಟ್ಟುವುದು ಪೀಸ್ ಲೆಕ್ಕದಲ್ಲಿ. ದರ ಸಾಲದೆಂದು ಒಂದು ಘಟಕದವರು ತಕರಾರು ತೆಗೆದರೆ ಕತ್ತರಿಸಿದ ಬಟ್ಟೆಯ ಗಂಟು ಪಕ್ಕದ ಬೀದಿಗೆ ಹೋಗುತ್ತದೆ. ಬೆಂಗಳೂರಿನ ದೊಡ್ಡ ಗಾರ್ಮೆಂಟ್ಸ್‌ಗಳಲ್ಲಿ ಸಾವಿರಾರು ಮಂದಿ ಒಂದೇ ಗೇಟಿನಿಂದ ಹೊರಬರುತ್ತಾರೆ. ಭವಿಷ್ಯನಿಧಿ ನಿಯಮದ ವಿರುದ್ಧ 2016ರ ಏಪ್ರಿಲ್‌ನಲ್ಲಿ ಅವರು ಬೀದಿಗಿಳಿದಾಗ ಕೇಂದ್ರ ಸರ್ಕಾರ ಒಡನೆಯೇ ಹಿಂದೆ ಸರಿಯಿತು. ಬಳ್ಳಾರಿಯ ಹೊಲಿಗೆಗೆ ಅಂಥ ಗೇಟೇ ಇಲ್ಲ.

ಜಿಲ್ಲೆಯೊಳಗೇ ಒಂದು ಹೋಲಿಕೆ ಸಿಗುತ್ತದೆ. ಸಿರುಗುಪ್ಪ ಭತ್ತದ ಊರು. ಅಲ್ಲಿ ಮೂಟೆ ಹೊರುವ ಹಮಾಲರನ್ನು ಸರ್ಕಾರಿ ಭಾಷೆ 'ಅಕುಶಲ' ಎನ್ನುತ್ತದೆ. (ನೂರು ಮೂಟೆಗಳ ಲಾಟು ಕಟ್ಟುವುದನ್ನು ಕಂಡವರು ಈ ಮಾತನ್ನು ಒಪ್ಪಲಾರರು.) ಆದರೂ ಎಪಿಎಂಸಿ ವ್ಯವಸ್ಥೆಯಲ್ಲಿ ಹಮಾಲಿ ದರ ಅಂಗಡಿಗೊಂದರಂತೆ ಇರುವುದಿಲ್ಲ, ಚೀಲಕ್ಕೆ ಇಷ್ಟೆಂದು ಇಡೀ ಮಾರುಕಟ್ಟೆಗೆ ಅನ್ವಯಿಸುತ್ತದೆ. ಒಬ್ಬ ವ್ಯಾಪಾರಿಯ ವಿರುದ್ಧ ಒಬ್ಬ ಹಮಾಲ ನಿಲ್ಲಬೇಕಾಗಿಲ್ಲ. 'ಕುಶಲ' ಎನಿಸಿಕೊಂಡ ಟೈಲರ್‌ಗೆ ಇಲ್ಲದಿರುವುದು ಇದೇ ಸವಲತ್ತು.

2025ರ ನವೆಂಬರ್ 21ರಂದು ಜಾರಿಗೆ ಬಂದ ನಾಲ್ಕು ಕಾರ್ಮಿಕ ಸಂಹಿತೆಗಳು ಈ ತೊಡಕನ್ನು ಬಿಡಿಸಿಲ್ಲ. ಉದ್ಯಮವೊಂದರ 100 ಕಾರ್ಮಿಕರು ಸೇರಿದರೆ ಸಂಘವನ್ನು ನೋಂದಾಯಿಸಬಹುದು. ಬಳ್ಳಾರಿಯಲ್ಲಿ ಇದು ಕಷ್ಟದ ಮಾತಲ್ಲ. ಆದರೆ ಮಾಲೀಕರೊಡನೆ ಮಾತುಕತೆ ನಡೆಸುವ ಮಾನ್ಯತೆ ಸಿಗುವುದು ಒಂದೊಂದು ಸಂಸ್ಥೆಯ ಮಟ್ಟದಲ್ಲಿ. ಹದಿನೈದು ಯಂತ್ರಗಳ ಘಟಕದಲ್ಲಿ ಮಾನ್ಯತೆ ಪಡೆದು ಸಾಧಿಸುವುದೇನು? ವಿದ್ಯುತ್ ಬಳಸುವ ಘಟಕ 'ಕಾರ್ಖಾನೆ' ಎನಿಸಿಕೊಳ್ಳಲು ಹಿಂದೆ 10 ಕಾರ್ಮಿಕರಿದ್ದರೆ ಸಾಕಿತ್ತು, ಈಗ 20 ಬೇಕು. ಇಎಸ್‌ಐಗೆ 10 ಮಂದಿಯ ಮಿತಿ ಉಳಿದಿದೆ, ನಿಜ. ಆದರೆ ಒಂದೇ ಆರ್ಡರನ್ನು ಎಂಟೆಂಟು ಮಂದಿಯ ಘಟಕಗಳಿಗೆ ಹಂಚಿದರೆ ಆ ಮಿತಿಗೂ ಅರ್ಥವಿಲ್ಲ. ಪೀಸ್ ಕೆಲಸದವರ ದುಡಿಮೆಯೂ ಕನಿಷ್ಠ ವೇತನಕ್ಕಿಂತ ಕೆಳಗಿಳಿಯಕೂಡದೆಂದು ಕಾನೂನು ಹೇಳುತ್ತದೆ. ಹಾಜರಿ ಪುಸ್ತಕವೇ ಇಲ್ಲದ ಕಡೆ ಅದನ್ನು ಅಳೆಯುವುದು ಹೇಗೆ?

ಕುರುಗೋಡಿನಂಥ ತಾಲ್ಲೂಕು ಕೇಂದ್ರದಲ್ಲಿ ಸ್ವಂತ ಅಂಗಡಿ ಇಟ್ಟುಕೊಂಡು ರವಿಕೆ, ಶಾಲಾ ಸಮವಸ್ತ್ರ ಹೊಲಿಯುವವರ ಸ್ಥಿತಿ ಬೇರೆ. ಅವರಿಗೆ ಮಾಲೀಕನೇ ಇಲ್ಲ. ಎದುರಿಗಿರುವುದು ಸರ್ಕಾರ ಮಾತ್ರ. 2020ರ ಲಾಕ್‌ಡೌನ್‌ನಲ್ಲಿ ರಾಜ್ಯ ಸರ್ಕಾರ ಕ್ಷೌರಿಕರಿಗೆ ಮತ್ತು ಅಗಸರಿಗೆ ತಲಾ 5,000 ರೂ. ಘೋಷಿಸಿದಾಗ ಟೈಲರ್‌ಗಳ ಹೆಸರು ಅದರಲ್ಲಿರಲಿಲ್ಲ. 2021ರ ಪ್ಯಾಕೇಜ್‌ನಲ್ಲಿ ಅವರೂ ಸೇರಿದರು, ಮೊತ್ತ 2,000 ರೂ. ಪಟ್ಟಿಗೆ ಸೇರಲು ಗುರುತಿನ ಚೀಟಿ ಬೇಕು, ಚೀಟಿಗೆ ನೋಂದಣಿ ಬೇಕು. ಆ ಓಡಾಟವನ್ನು ಒಬ್ಬೊಬ್ಬರಾಗಿ ಮಾಡುವುದಕ್ಕಿಂತ ಸಂಘದ ಮೂಲಕ ಮಾಡುವುದು ಸುಲಭ.

ಬಳ್ಳಾರಿಯ ಟೈಲರ್‌ಗಳ ಮುಂದಿರುವ ಬೇಡಿಕೆ ಸರಳವಾದದ್ದು: ಲೂಪಿಗೆ ಇಷ್ಟು, ಜಿಪ್ಪಿಗೆ ಇಷ್ಟು ಎಂದು ಇಡೀ ನಗರಕ್ಕೆ ಅನ್ವಯಿಸುವ ದರಪಟ್ಟಿ. ಕಾರ್ಮಿಕ ಇಲಾಖೆಯ ಸಮ್ಮುಖದಲ್ಲಿ ಘಟಕ ಮಾಲೀಕರ ಸಂಘ ಮತ್ತು ಟೈಲರ್‌ಗಳ ಪ್ರತಿನಿಧಿಗಳು ಕುಳಿತರೆ ಇದಕ್ಕೆ ಹೊಸ ಕಾಯ್ದೆಯ ಅಗತ್ಯವಿಲ್ಲ. ದರ ಏರಿದರೆ ಆರ್ಡರ್ ಬೇರೆ ರಾಜ್ಯದ ಪಾಲಾಗುತ್ತದೆಂಬ ಮಾಲೀಕರ ಆತಂಕವನ್ನು ಸುಳ್ಳೆನ್ನಲಾಗದು. ಆದರೆ ಈ ಉದ್ಯಮ ಪೆಟ್ಟು ತಿಂದಿರುವುದು ಬಣ್ಣದ ನೀರಿನಿಂದಲೂ ಹೌದು. ತ್ಯಾಜ್ಯನೀರಿನ ಕಾರಣಕ್ಕೆ ವಾಷಿಂಗ್ ಘಟಕಗಳು ನಿಂತರೆ ಹೊಲಿದ ಪ್ಯಾಂಟ್ ಮಾರುಕಟ್ಟೆಗೆ ಹೋಗದು. ಯಂತ್ರದ ಮುಂದೆ ಕೂತವರ ಆ ದಿನಗಳ ದುಡಿಮೆ ಸೊನ್ನೆ. ಪಾರ್ಕ್ ಕುರಿತ ಸಭೆಗಳಲ್ಲಿ ಶುದ್ಧೀಕರಣ ಘಟಕದ ಜೊತೆಗೆ ಈ ದರಪಟ್ಟಿಯೂ ಮೇಜಿನ ಮೇಲೆ ಬರುತ್ತದೆಯೇ ಎಂಬುದನ್ನು ಕಾದು ನೋಡಬೇಕಿದೆ.