ಸ್ಟಾಫ್‌ರೂಮಿನಲ್ಲಿ ಜಾತಿಯ ಮಾತು

ಮೇಷ್ಟ್ರುಗಳೇ, ಮೇಡಂಗಳೇ,

"ನಮ್ಮ ಸ್ಕೂಲಲ್ಲಿ ಜಾತಿಗೀತಿ ಏನೂ ಇಲ್ಲ ಕಣ್ರಿ" ಅಂತ ಯಾವ ಸ್ಟಾಫ್‌ರೂಮಿಗೆ ಹೋದರೂ ಹೇಳ್ತಾರೆ. ಹಾಗೆ ಹೇಳುವವರ ಊಟದ ಡಬ್ಬಿ ಯಾರ ಪಕ್ಕ ಬಿಚ್ಚುತ್ತೆ, ಯಾರ ಡಬ್ಬಿ ಕಿಟಕಿ ಹತ್ತಿರ ಒಂಟಿಯಾಗಿ ಬಿಚ್ಚುತ್ತೆ, ಒಂದು ವಾರ ನೋಡಿ. ಜಾತಿ ಅಲ್ಲೇ ಕೂತು ಊಟ ಮಾಡ್ತಾ ಇರುತ್ತೆ.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಸ್ಕಾಲರ್‌ಶಿಪ್ ಫಾರಂ ಹಿಡಿದು ಬಂದ ಮೇಷ್ಟ್ರು "ಎಸ್ಸಿ ಹುಡುಗ್ರೆಲ್ಲ ಎದ್ದು ನಿಂತ್ಕೊಳ್ರೋ" ಅಂದರು. ನಾಲ್ಕು ಜನ ಎದ್ದು ನಿಂತೆವು. ಅದುವರೆಗೂ ನನ್ನ ಹೆಗಲ ಮೇಲೆ ಕೈ ಹಾಕಿಕೊಂಡು ಬರುತ್ತಿದ್ದ ಗೆಳೆಯ ಮಾರನೇ ದಿನ ಬೆಂಚಿನ ಆ ತುದಿಗೆ ಸರಿದ. ಆ ಮೇಷ್ಟ್ರು ಕೆಟ್ಟವರಲ್ಲ. ನೋಟ್‌ಬುಕ್ಕಿಗೆ ದುಡ್ಡಿಲ್ಲದಾಗ ತಮ್ಮ ಜೇಬಿನಿಂದ ಕೊಟ್ಟವರು. ಆದರೆ "ಸಾರ್, ಹಂಗೆ ಕೂಗಿ ಎಬ್ಬಿಸಬೇಡಿ, ಒಬ್ಬೊಬ್ಬರನ್ನೇ ಕರೆದು ಕೊಡಿ" ಅಂತ ಅವರಿಗೆ ಹೇಳೋ ಇನ್ನೊಬ್ಬ ಮೇಷ್ಟ್ರು ಅಲ್ಲಿ ಇರಲಿಲ್ಲ. ಇದ್ದರೂ ಬಾಯಿ ಬಿಡಲಿಲ್ಲ.

ಇವತ್ತು ನಾನೂ ಮೇಷ್ಟ್ರು. ಪಕ್ಕದ ಕ್ಲಾಸಿನಿಂದ ಅದೇ ಕೂಗು ಕೇಳಿದ ದಿನ ನಾನೂ ಬಾಯಿ ಬಿಡಲಿಲ್ಲ. ಆ ನಾಚಿಕೆಯಿಂದಲೇ ಇದನ್ನು ಬರೀತಾ ಇದೀನಿ.

ಸಾತಾರದ ಸ್ಕೂಲಿನಲ್ಲಿ ಬಾಲಕ ಅಂಬೇಡ್ಕರ್ ಮನೆಯಿಂದ ತಂದ ಗೋಣಿಯ ಮೇಲೆ ಬೇರೆ ಕೂರಬೇಕಿತ್ತು. ಜವಾನ ನಲ್ಲಿ ತಿರುಗಿಸಿದರೆ ನೀರು, ಜವಾನ ಇಲ್ಲದಿದ್ದರೆ ಬಾಯಾರಿಕೆ. ಆಮೇಲೆ 1950ರಲ್ಲಿ ಸಂವಿಧಾನದ 17ನೇ ವಿಧಿ ಬಂತು, 1955ರಲ್ಲಿ ಅಸ್ಪೃಶ್ಯತೆ ಅಪರಾಧಗಳ ಕಾಯ್ದೆ ಬಂತು, 1989ರಲ್ಲಿ ದೌರ್ಜನ್ಯ ತಡೆ ಕಾಯ್ದೆ ಬಂತು. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ವಸತಿ ಶಾಲೆಯೊಂದರಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿ ಸ್ವಚ್ಛ ಮಾಡಿಸಿದ್ದೂ ಹೊರಗೆ ಬಂತು. ಗುಂಡಿಗೆ ಇಳಿಸೋದು ಒಂದೇ ದಿನಕ್ಕೆ ಆಗೋ ಕೆಲಸ ಅಲ್ಲ. ಅದಕ್ಕೆ ಮುಂಚೆ ನೂರು ಸಣ್ಣ ಮಾತುಗಳನ್ನು ಯಾರೂ ತಡೆದಿರುವುದಿಲ್ಲ.

ಅಮೆರಿಕದಲ್ಲಿ 1954ರಲ್ಲಿ, ಬಿಳಿಯರಿಗೊಂದು ಕಪ್ಪು ಜನಕ್ಕೊಂದು ಶಾಲೆ ಕೂಡದು ಅಂತ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಶಾಲೆಗಳು ಒಂದಾದಾಗ ದಕ್ಷಿಣದ ರಾಜ್ಯಗಳಲ್ಲಿ ಸಾವಿರಾರು ಕಪ್ಪು ಮೇಷ್ಟ್ರುಗಳ ಕೆಲಸ ಹೋಯಿತು. ಮಕ್ಕಳನ್ನು ಒಟ್ಟಿಗೆ ಕೂರಿಸಿದರು, ಮೇಷ್ಟ್ರುಗಳನ್ನು ಕೂರಿಸಲಿಲ್ಲ. ಕಾನೂನು ಬಾಗಿಲು ತೆಗೆಯುತ್ತೆ. ಒಳಗೆ ಮಾತಾಡಬೇಕಾದವರು ನಾವೇ.

ಹಾಗಾದರೆ ಹೇಗೆ ಮಾತಾಡೋದು? ನನಗೆ ತೋಚಿದ್ದು ಇಷ್ಟು.

1. ದಲಿತ ಮೇಷ್ಟ್ರನ್ನು ಸಾಕ್ಷಿ ಕಟ್ಟೆ ಹತ್ತಿಸಬೇಡಿ. "ನಿಮಗೇನಾದ್ರೂ ತೊಂದ್ರೆ ಆಗಿದ್ಯಾ?" ಅಂತ ಎಲ್ಲರ ಮುಂದೆ ಕೇಳೋದು ವಿಚಾರಣೆ. ಮೊದಲು ನಿಮ್ಮ ಮನೆಯ ಕಥೆ ಹೇಳಿ. ನಿಮ್ಮ ಹೊಸ್ತಿಲು ದಾಟಿ ಯಾರು ಬರ್ತಾರೆ, ಯಾರಿಗೆ ಬೇರೆ ಲೋಟ?

2. "ನನ್ನ ಮನಸ್ಸಿನಲ್ಲಿ ಹಂಗೇನೂ ಇರಲಿಲ್ಲ" ಅನ್ನೋದನ್ನ ಕೊನೆಗೆ ಇಟ್ಟುಕೊಳ್ಳಿ. ಮುಳ್ಳು ತುಳಿದವನಿಗೆ ಮುಳ್ಳಿನ ಮನಸ್ಸು ಕಟ್ಟಿಕೊಂಡು ಏನಾಗಬೇಕು?

3. "ಕೋಟಾದಲ್ಲಿ ಬಂದೋರು" ಅನ್ನೋದು ತಮಾಷೆ ಅಲ್ಲ. ಕಿವಿಗೆ ಬಿದ್ದವರೇ ಅಲ್ಲೇ ತಡೀಬೇಕು. ಅನ್ನಿಸಿಕೊಂಡವರು ಎದ್ದು ಹೇಳ್ಲಿ ಅಂತ ಕಾಯಬಾರದು.

4. ಜಾತಿ ಮುಚ್ಚಿಟ್ಟುಕೊಂಡವರನ್ನು "ನೀವು ಯಾವ ಪೈಕಿ?" ಅಂತ ಕೆದಕಬೇಡಿ. ಬಾಡಿಗೆಗೆ ಒಂದು ಮನೆ ಸಿಗಲಿ ಅಂತ ಮುಚ್ಚಿಟ್ಟಿರ್ತಾರೆ. ನಾಚಿಕೆ ಪಡಬೇಕಾದವರು ಮನೆ ಕೊಡದವರು.

5. ಮಾತು ಮುಗಿದ ಮೇಲೆ ಏನಾದರೂ ಬದಲಾಗಬೇಕು. ಕಸ ಗುಡಿಸೋ ಸರದಿ ಯಾವ ಮಕ್ಕಳಿಗೇ ಬರ್ತಿದೆ, ಬಿಸಿಯೂಟಕ್ಕೆ ಯಾರು ಎಲ್ಲಿ ಕೂರ್ತಾರೆ, ಫಾರಂ ಹೇಗೆ ಕೊಡ್ತೀರಿ, ಬರೆದಿಟ್ಟು ತಿಂಗಳಿಗೊಮ್ಮೆ ನೋಡಿ. ಅಪರಾಧ ನಡೆದಿದ್ದರೆ ಮಾತ್ರ ಸ್ಟಾಫ್‌ರೂಮಿನಲ್ಲಿ ರಾಜಿ ಮಾಡಬೇಡಿ. ಅದರ ಜಾಗ ಪೊಲೀಸ್ ಠಾಣೆ.

ಇನ್ನು ನಮ್ಮ ಮಾತು. ಒಳಮೀಸಲಾತಿ ಕೊಡಬಹುದು ಅಂತ 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟು ಹೇಳಿದ ಮೇಲೆ ನಮ್ಮ ಮೇಷ್ಟ್ರುಗಳೇ ಎಡಗೈ, ಬಲಗೈ ಅಂತ ಎರಡು ಗುಂಪಾಗಿ ಟೀ ಕುಡಿದದ್ದನ್ನು ನೋಡಿದೀನಿ. ಬೇರೆಯವರ ಲೋಟ ಲೆಕ್ಕ ಹಾಕೋ ನಾವು ನಮ್ಮ ಲೋಟವನ್ನೂ ಮೇಜಿನ ಮೇಲೆ ಇಡಬೇಕು. ಇಲ್ಲದಿದ್ದರೆ ನಮ್ಮ ಮಾತಿಗೆ ತೂಕ ಎಲ್ಲಿಂದ ಬರುತ್ತೆ?

ನಾಳೆ ಪಕ್ಕದ ಕ್ಲಾಸಿನಿಂದ ಆ ಕೂಗು ಕೇಳಿದರೆ ನಾನು ಹೋಗಿ ಬಾಗಿಲಲ್ಲಿ ನಿಲ್ತೀನಿ. ನೀವೂ ಬನ್ನಿ.

ಜೈಭೀಮ್.