ಮೀಟರಿನಿಂದ ಒಳಗೆ ಯಾರ ಹೊಣೆ?

ಯುಗಾದಿ ಹತ್ತಿರ ಬರುತ್ತಿದ್ದಂತೆ ಬಳಗಾನೂರಿನ ಮನೆಗಳಲ್ಲಿ ಅಟ್ಟದ ಮೇಲಿದ್ದ ತಗಡಿನ ಕೂಲರ್ ಕೆಳಗಿಳಿಯುತ್ತದೆ. ಧೂಳು ಝಾಡಿಸಿ, ಹುಲ್ಲಿನ ಪ್ಯಾಡ್ ಬದಲಿಸಿ, ಪಂಪು ನೀರೆತ್ತುತ್ತದೆಯೇ ನೋಡುತ್ತಾರೆ. ವೈರು ಸಾಲದಿದ್ದರೆ ಇನ್ನೊಂದು ತುಂಡು ಜೋಡಿಸಿ ಟೇಪು ಸುತ್ತುತ್ತಾರೆ. ಇಷ್ಟಕ್ಕೆ ಯಾರೂ ಎಲೆಕ್ಟ್ರಿಷಿಯನ್‌ನನ್ನು ಕರೆಯುವುದಿಲ್ಲ. ಮಸ್ಕಿ, ಸಿಂಧನೂರು, ಲಿಂಗಸುಗೂರು ಸೀಮೆಯ ಯಾವ ಊರಿಗೆ ಹೋದರೂ ಇದೇ ರೂಢಿ. ಬಿಸಿಲು 40 ಡಿಗ್ರಿ ದಾಟುವ ನಾಡಿನಲ್ಲಿ ಕೂಲರ್ ಬೇಕೇ ಬೇಕು. ಆದರೆ ನೀರು ತುಂಬಿದ ಲೋಹದ ಪೆಟ್ಟಿಗೆ, ಒದ್ದೆಯಾದ ನೆಲ, ಬರಿಗಾಲು, ಟೇಪು ಸುತ್ತಿದ ಜೋಡಣೆ, ಇವು ನಾಲ್ಕೂ ಒಂದೇ ಕೋಣೆಯಲ್ಲಿ ಸೇರಿದಾಗ ಏನಾಗಬಹುದೆಂದು ಬೇಸಿಗೆಯ ಜಿಲ್ಲಾ ಪುಟಗಳು ಪ್ರತಿ ವರ್ಷ ನಾಲ್ಕು ಸಾಲಿನಲ್ಲಿ ಹೇಳುತ್ತವೆ. ವೈರು ಜೋಡಿಸಿದವನು ಮನೆಯ ಗಂಡಸು. ಶಾಕ್ ಹೊಡೆಸಿಕೊಳ್ಳುವುದು ಹೆಚ್ಚಾಗಿ ಕೂಲರಿಗೆ ನೀರು ಹಾಕುವ ಹೆಣ್ಣುಮಗಳು, ಇಲ್ಲವೇ ಅದರ ಎದುರು ಆಡುವ ಮಗು.

ಮನೆಯ ಕರೆಂಟಿನ ಕೆಲಸವನ್ನು ನಾವೇ ಮಾಡಿಕೊಳ್ಳಬಹುದೇ? ಕಾನೂನಿನ ಉತ್ತರ ಬಹಳ ಜನ ತಿಳಿದಿರುವಷ್ಟು ಕಠಿಣವಾಗಿಲ್ಲ. 1956ರ ಭಾರತೀಯ ವಿದ್ಯುತ್ ನಿಯಮಗಳ 45ನೇ ನಿಯಮದಲ್ಲಿ ಒಂದು ಗೆರೆ ಎಳೆಯಲಾಗಿತ್ತು. 2003ರ ವಿದ್ಯುತ್ ಕಾಯ್ದೆ ಬಂದ ಮೇಲೆ ಕೇಂದ್ರ ವಿದ್ಯುತ್ ಪ್ರಾಧಿಕಾರ 2010ರಲ್ಲಿ ರೂಪಿಸಿದ ಸುರಕ್ಷತಾ ನಿಯಮಾವಳಿಯೂ ಅದೇ ಗೆರೆಯನ್ನು ಉಳಿಸಿಕೊಂಡಿತು. ಬಲ್ಬು, ಫ್ಯಾನು, ಫ್ಯೂಜು, ಸ್ವಿಚ್ಚು ಮತ್ತು 250 ವೋಲ್ಟ್ ಮೀರದ ಗೃಹೋಪಕರಣಗಳನ್ನು ಬದಲಿಸುವುದಕ್ಕೆ ಲೈಸೆನ್ಸ್ ಬೇಕಿಲ್ಲ; ಆದರೆ ಅದರಿಂದ ವೈರಿಂಗ್‌ನ ಸಾಮರ್ಥ್ಯವಾಗಲಿ ಸ್ವರೂಪವಾಗಲಿ ಬದಲಾಗಬಾರದು. ಅದರಾಚೆಗಿನ ಎಲ್ಲ ಕೆಲಸಕ್ಕೂ ರಾಜ್ಯ ಸರ್ಕಾರದ ಲೈಸೆನ್ಸ್ ಪಡೆದ ಗುತ್ತಿಗೆದಾರ, ಅರ್ಹತಾ ಪ್ರಮಾಣಪತ್ರವುಳ್ಳ ಮೇಲ್ವಿಚಾರಕ, ಪರ್ಮಿಟ್ ಇರುವ ವೈರ್‌ಮನ್ ಬೇಕು. ಕರ್ನಾಟಕದಲ್ಲಿ ಈ ಲೈಸೆನ್ಸು, ಪರ್ಮಿಟ್ಟುಗಳನ್ನು ಕೊಡುವುದು ಇಂಧನ ಇಲಾಖೆಯ ಅಡಿ ಇರುವ ವಿದ್ಯುತ್ ಪರಿವೀಕ್ಷಣಾಲಯ.

ಅಂದರೆ ಕೆಟ್ಟ ಸ್ವಿಚ್ಚನ್ನು ನೀವೇ ಬದಲಿಸಿದರೆ ತಪ್ಪಿಲ್ಲ. ಅದೇ ಬೋರ್ಡಿನಿಂದ ಹಿತ್ತಲಿಗೆ ಹೊಸದಾಗಿ ವೈರು ಎಳೆದು ನೀರಿನ ಮೋಟಾರಿಗೆ ಪಾಯಿಂಟ್ ಕೊಟ್ಟರೆ ತಪ್ಪು. ಕೂಲರಿನ ವೈರಿಗೆ ತುಂಡು ಜೋಡಿಸುವ ಕೆಲಸ ಈ ಎರಡರ ನಡುವಿನ ಮಸುಕಿನಲ್ಲಿದೆ. ಜನ ಸಾಯುವುದೂ ಹೆಚ್ಚಾಗಿ ಆ ಮಸುಕಿನಲ್ಲೇ.

ಆ ಮಸುಕಿನಲ್ಲಿ ನಮ್ಮ ಕಡೆಯ ಮನೆಗಳಲ್ಲಿ ನಡೆಯುವುದನ್ನು ಹತ್ತಿರದಿಂದ ನೋಡಬೇಕು. ಫ್ಯೂಜ್ ಸುಟ್ಟರೆ ಅಂಗಡಿಯಿಂದ ಫ್ಯೂಜ್ ವೈರು ತರುವವರು ಕಡಿಮೆ. ಹಳೆಯ ವೈರಿನ ತಾಮ್ರದ ಎರಡು ಎಳೆ ಬಿಚ್ಚಿ ಸುತ್ತಿದರಾಯಿತು. ಮುಂದೆ ವೈರು ಸುಟ್ಟರೂ ಆ ಫ್ಯೂಜ್ ಸುಡುವುದಿಲ್ಲ. ಮೂರು ಪಿನ್ನಿನ ಪ್ಲಗ್ಗಿಗೆ ಸಾಕೆಟ್ಟಿನಲ್ಲಿ ಅರ್ತ್ ಇಲ್ಲದಿದ್ದರೆ ದೊಡ್ಡ ತೂತನ್ನೂ ನ್ಯೂಟ್ರಲ್ಲನ್ನೂ ಒಂದು ತುಂಡು ವೈರಿನಿಂದ ಕೂಡಿಸಿಬಿಡುವುದುಂಟು. ಮುಂದೊಮ್ಮೆ ನ್ಯೂಟ್ರಲ್ ಎಲ್ಲೋ ಕಡಿದರೆ ಕೂಲರಿನ ಮೈತುಂಬ 230 ವೋಲ್ಟ್ ನಿಲ್ಲುತ್ತದೆ. ಇನ್ನೂ ಭಯಂಕರವಾದದ್ದು, ನ್ಯೂಟ್ರಲ್ ಬರದಿದ್ದಾಗ ಅರ್ತಿಂಗ್ ಪೈಪಿಗೇ ನ್ಯೂಟ್ರಲ್ಲಿನ ಕೆಲಸ ಹಚ್ಚುವುದು. ಬಲ್ಬೇನೋ ಉರಿಯುತ್ತದೆ, ಮಕ್ಕಳು ಓದಿಕೊಳ್ಳುತ್ತಾರೆ. ಆದರೆ ಅಂಗಳದ ಮಣ್ಣಿನಲ್ಲಿ ಹೂತ ಆ ಪೈಪಿನ ಸುತ್ತ ಕರೆಂಟು ಹರಡಿಕೊಂಡಿರುತ್ತದೆ. ಅಲ್ಲೇ ಎಮ್ಮೆ ಕಟ್ಟಿರುತ್ತಾರೆ. ಬಟ್ಟೆ ಒಣಗಿಸಲು ಕಟ್ಟಿದ ಕಬ್ಬಿಣದ ತಂತಿ ಸರ್ವಿಸ್ ವೈರಿಗೆ ಉಜ್ಜಿ ಉಜ್ಜಿ ಮೇಲ್ಪದರ ಸವೆಯುವುದು ಇನ್ನೊಂದು. ಹೀಗೇಕೆ ಮಾಡುತ್ತೀರಿ ಎಂದು ಕೇಳಿದರೆ ಉತ್ತರ ಸಿದ್ಧವಿದೆ: "ಲೈನ್‌ಮನ್ ಬರಾತನ ಕತ್ಲಾಗ ಕುಂದ್ರಬೇಕೇನ್ರಿ?"

ಆ ಪ್ರಶ್ನೆಯನ್ನು ಉಡಾಫೆ ಎಂದು ತಳ್ಳಿಹಾಕುವವರಲ್ಲಿ ನಾನಿಲ್ಲ. ಜೆಸ್ಕಾಂನ ಲೈನ್‌ಮನ್‌ನ ಹೊಣೆ ಮೀಟರಿನವರೆಗೆ ಮಾತ್ರ. ಅಲ್ಲಿಂದ ಒಳಗಿನದು ಗ್ರಾಹಕನದ್ದು. 1912ಕ್ಕೆ ಕರೆ ಮಾಡಿದರೆ ಕಂಬದ ತೊಂದರೆಗೆ ದೂರು ದಾಖಲಾಗುತ್ತದೆ. ಅಡುಗೆಮನೆಯ ಬೋರ್ಡಿಗೆ ಅಲ್ಲಿ ಪರಿಹಾರವಿಲ್ಲ. ಲೈಸೆನ್ಸ್ ಇರುವ ಗುತ್ತಿಗೆದಾರನಿಗೆ ಒಂದು ಪಾಯಿಂಟ್ ಹಾಕಲು ಹಳ್ಳಿಗೆ ಬಂದರೆ ದಾರಿ ಖರ್ಚೂ ಗಿಟ್ಟುವುದಿಲ್ಲ. ಹೀಗಾಗಿ ಉಳಿಯುವವರು ಇಬ್ಬರೇ: ಮನೆಯ ಯಜಮಾನ, ಇಲ್ಲವೇ ಓಣಿಯ ವೈರಿಂಗ್ ಹುಡುಗ. ಆ ಹುಡುಗನ ಕೈಯಲ್ಲಿ ಟೆಸ್ಟರ್, ಕಟಿಂಗ್ ಪ್ಲೇಯರ್ ಇವೆ, ಯಾರದೋ ಹಿಂದೆ ನಾಲ್ಕು ವರ್ಷ ತಿರುಗಿ ಕಲಿತ ವಿದ್ಯೆಯಿದೆ. ಪರ್ಮಿಟ್ ಇಲ್ಲ. ಊರಿಗೆ ಊರೇ ಬೆಳಗುತ್ತಿರುವುದು ಇವನಿಂದ, ನಿಯಮದ ಕಣ್ಣಿಗೆ ಮಾತ್ರ ಅವನು ಇಲ್ಲವೇ ಇಲ್ಲ.

ಹೊಸ ಮನೆಗೆ ಸಂಪರ್ಕ ಪಡೆಯುವಾಗ ಲೈಸೆನ್ಸ್ ಇರುವ ಗುತ್ತಿಗೆದಾರನ ಸಹಿಯುಳ್ಳ ವೈರಿಂಗ್ ಪೂರ್ಣಗೊಂಡ ವರದಿ ಕೊಡಬೇಕು. ಅದರ ಉದ್ದೇಶ ಒಳ್ಳೆಯದು. ಆದರೆ ವೈರು ಎಳೆದವನು ಒಬ್ಬ, ಸಹಿ ಹಾಕಿದವನು ಇನ್ನೊಬ್ಬ ಆಗಿರುವ ಕಾಗದಗಳನ್ನು ನಾನೇ ಕಂಡಿದ್ದೇನೆ. ಸಹಿ ಮಾಡಿದವರು ಆ ಮನೆಯ ಹೊಸ್ತಿಲು ತುಳಿದಿರಲಿಲ್ಲ. ವರದಿ ಫೈಲಿಗೆ ಸೇರಿದ ಮೇಲೆ ಮನೆಗೆ ಎರಡು ಕೋಣೆ ಹೆಚ್ಚಾಗಲಿ, ಫ್ರಿಜ್ಜು, ಗೀಸರು, ಎ.ಸಿ. ಬರಲಿ, ವೈರಿಂಗ್ ಮತ್ತೆ ಯಾರ ಕಣ್ಣಿಗೂ ಬೀಳುವುದಿಲ್ಲ. ಒಂದೇ ಬಲ್ಬಿನ ಭಾಗ್ಯಜ್ಯೋತಿ ಕಾಲದಲ್ಲಿ ಎಳೆದ ತೆಳು ವೈರಿನ ಮೇಲೆ ಇವತ್ತಿನ ಮಿಕ್ಸಿ, ಮೋಟಾರು ಓಡುತ್ತಿರುವ ಮನೆಗಳಿವೆ. 2023ರ ಆಗಸ್ಟ್ 5ರಂದು ಕಲಬುರಗಿಯಲ್ಲಿ ಚಾಲನೆ ಪಡೆದ ಗೃಹಜ್ಯೋತಿ 200 ಯುನಿಟ್‌ವರೆಗಿನ ಬಿಲ್ಲಿನ ಹೊರೆ ಇಳಿಸಿತು. ಬಡವರ ಮನೆಯಲ್ಲಿ ಫ್ಯಾನು ಅಂಜಿಕೆಯಿಲ್ಲದೆ ತಿರುಗುವಂತಾದದ್ದು ದೊಡ್ಡ ಮಾತು. ಆ ಫ್ಯಾನಿನ ವೈರು ಹೇಗಿದೆ ಎಂದು ಮಾತ್ರ ಯೋಜನೆ ಕೇಳಲಿಲ್ಲ.

ಇನ್ನು ಎಂಸಿಬಿ ಇದೆ, ನಮಗೇನು ಭಯ ಎನ್ನುವವರಿಗೆ ಒಂದು ಲೆಕ್ಕ. ಎಂಸಿಬಿ ಇರುವುದು ವೈರು ಕಾಯಲಿಕ್ಕೆ, ಮನುಷ್ಯನ ಜೀವ ಕಾಯಲಿಕ್ಕಲ್ಲ. ಒದ್ದೆ ಮೈಯ ಪ್ರತಿರೋಧ ಸುಮಾರು 1,000 ಓಮ್ ಎಂದುಕೊಂಡರೆ 230 ವೋಲ್ಟಿಗೆ ಮೈಯಲ್ಲಿ ಹರಿಯುವುದು 0.23 ಆಂಪಿಯರ್. ಹೃದಯ ನಿಲ್ಲಿಸಲು ಅದು ಧಾರಾಳ ಸಾಕು. 6 ಆಂಪಿಯರಿನ ಎಂಸಿಬಿಗೆ ಅದು ಗೊತ್ತೇ ಆಗುವುದಿಲ್ಲ. ಅರ್ತಿಂಗ್ ಇದ್ದರೂ ಅದು ಹೇಗಿದೆ ಎನ್ನುವುದು ಮುಖ್ಯ. ನಮ್ಮ ಎರೆ ಭೂಮಿ ಮಳೆಗಾಲದಲ್ಲಿ ತೇವ ಹಿಡಿದು ಒಳ್ಳೆಯ ಅರ್ತ್ ಕೊಡುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಪೈಪಿನಿಂದಲೇ ದೂರ ಸರಿಯುತ್ತದೆ. ಇದ್ದಿಲು, ಉಪ್ಪು ಹಾಕಿ ನೀರುಣಿಸುತ್ತಿದ್ದ ಗುಂಡಿಯ ಮೇಲೆ ಈಗ ಫರಸಿ ಹಾಸಿರುತ್ತಾರೆ. ಆ ಅರ್ತಿಂಗಿನ ಪ್ರತಿರೋಧ 20 ಓಮ್‌ಗೆ ಏರಿತು ಎನ್ನಿ. ಕೂಲರಿನ ಮೈಗೆ ಫೇಸ್ ತಾಗಿದರೆ ನೆಲಕ್ಕೆ ಹರಿಯುವುದು ಹೆಚ್ಚೆಂದರೆ ಹನ್ನೊಂದೂವರೆ ಆಂಪಿಯರ್. 16 ಆಂಪಿಯರಿನ ಎಂಸಿಬಿ ಬೀಳುವುದಿಲ್ಲ, ಕೂಲರ್ ತಿರುಗುತ್ತಲೇ ಇರುತ್ತದೆ, ಮೈಯಲ್ಲಿ ಕರೆಂಟು ಹಾಗೇ ಇರುತ್ತದೆ. ಕೂಲರ್ ಕೊಳ್ಳುವ ಬಿಸಿಲು, ಅರ್ತಿಂಗ್ ಕೆಡುವ ಬಿಸಿಲು ಎರಡೂ ಒಂದೇ ಎಂಬುದನ್ನು ಈ ಸೀಮೆಯವರು ನೆನಪಿಡಬೇಕು.

ಇಲ್ಲಿ ಜೀವ ಉಳಿಸುವುದು ಆರ್‌ಸಿಸಿಬಿ. ಹೋದ ಕರೆಂಟು, ತಿರುಗಿ ಬಂದ ಕರೆಂಟು ಎರಡನ್ನೂ ಅದು ತೂಗುತ್ತದೆ. 30 ಮಿಲಿ ಆಂಪಿಯರ್ ಸೋರಿದರೂ ಕಣ್ಣು ಮಿಟುಕಿಸುವಷ್ಟರಲ್ಲಿ ಕಡಿದುಬಿಡುತ್ತದೆ. ಅರ್ತಿಂಗ್ ಅಷ್ಟು ಚೆನ್ನಾಗಿಲ್ಲದ ಮನೆಯಲ್ಲೂ ಕೆಲಸ ಮಾಡುತ್ತದೆ. 2010ರ ನಿಯಮಾವಳಿ ಸೋರಿಕೆ ತಡೆಯುವ ಇಂಥ ಸಾಧನವನ್ನು ಕಡ್ಡಾಯ ಮಾಡಿದಾಗ 250 ವೋಲ್ಟಿನ, 5 ಕಿಲೋವ್ಯಾಟಿಗಿಂತ ಕಡಿಮೆಯ ಸಂಪರ್ಕಗಳನ್ನು ಹೊರಗಿಟ್ಟಿತ್ತು. ಖರ್ಚಿನ ಕನಿಕರದಿಂದ ಕೊಟ್ಟ ವಿನಾಯಿತಿ ಇರಬಹುದು. ಆದರೆ ತಗಡಿನ ಶೆಡ್ಡು, ಮಣ್ಣಿನ ಮಾಳಿಗೆ, ಒದ್ದೆ ಬಚ್ಚಲು ಇರುವುದು ಅದೇ ಸಣ್ಣ ಸಂಪರ್ಕದ ಮನೆಗಳಲ್ಲಿ. ಯಾರಿಗೆ ಅದು ಎಲ್ಲಕ್ಕಿಂತ ಮೊದಲು ಬೇಕಿತ್ತೋ ಅವರನ್ನೇ ನಿಯಮ ಬಿಟ್ಟುಬಿಟ್ಟಿತು.

ದೇಶದಲ್ಲಿ ವಿದ್ಯುದಾಘಾತದಿಂದ ವರ್ಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಜನ ಸಾಯುತ್ತಾರೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಈಚಿನ ವರದಿಗಳು ಹೇಳುತ್ತವೆ. 2023ರ ನವೆಂಬರಿನಲ್ಲಿ ಬೆಂಗಳೂರಿನ ಕಾಡುಗೋಡಿಯಲ್ಲಿ ಫುಟ್‌ಪಾತ್ ಮೇಲೆ ಬಿದ್ದ ತಂತಿ ತುಳಿದು ತಾಯಿ, ಹಸುಗೂಸು ಸತ್ತಾಗ ರಾಜ್ಯವೇ ಮರುಗಿತು, ಅಧಿಕಾರಿಗಳು ಅಮಾನತಾದರು. ಮನೆಯೊಳಗಿನ ಸಾವಿಗೆ ಅಂಥ ವಿಚಾರಣೆ ಇಲ್ಲ. ಪೊಲೀಸ್ ಠಾಣೆಯಲ್ಲಿ ಅಸಹಜ ಸಾವಿನ ಪ್ರಕರಣ ದಾಖಲಾಗಿ ಮುಗಿಯುತ್ತದೆ. ಯಾವ ಜೋಡಣೆ, ಯಾವ ಸಾಕೆಟ್ಟು, ಅರ್ತಿಂಗ್ ಇತ್ತೇ ಎಂಬ ಪಾಠ ಪಕ್ಕದ ಮನೆಗೂ ತಲುಪುವುದಿಲ್ಲ.

ಬೇರೆ ದೇಶಗಳು ಇದನ್ನು ಒಂದೇ ರೀತಿ ನಿಭಾಯಿಸಿಲ್ಲ. ಆಸ್ಟ್ರೇಲಿಯಾದಲ್ಲಿ ಲೈಸೆನ್ಸ್ ಇಲ್ಲದವರು ವೈರಿಂಗ್ ಮುಟ್ಟುವಂತಿಲ್ಲ. ಇಂಗ್ಲೆಂಡ್ 2005ರಿಂದ ಮನೆಯ ವೈರಿಂಗನ್ನು ಕಟ್ಟಡ ನಿಯಮಗಳ ಅಡಿ ತಂದಿತು. ಅಪಾಯ ಹೆಚ್ಚಿರುವ ಕೆಲಸಕ್ಕೆ ನೋಂದಾಯಿತ ಎಲೆಕ್ಟ್ರಿಷಿಯನ್ ಬೇಕು, ಇಲ್ಲವೇ ಸ್ಥಳೀಯ ಸಂಸ್ಥೆಗೆ ತಿಳಿಸಬೇಕು. ನ್ಯೂಜಿಲೆಂಡಿನ ದಾರಿ ನನಗೆ ಹೆಚ್ಚು ಹಿಡಿಸುತ್ತದೆ. ಅಲ್ಲಿ ಮನೆಯವನೇ ತನ್ನ ಮನೆಯಲ್ಲಿ ಕೆಲವು ವೈರಿಂಗ್ ಕೆಲಸ ಮಾಡಿಕೊಳ್ಳಬಹುದು, ಆದರೆ ಪರಿವೀಕ್ಷಕ ಪರೀಕ್ಷಿಸಿ ಒಪ್ಪುವವರೆಗೆ ಕರೆಂಟು ಹರಿಸುವಂತಿಲ್ಲ. ಕೆಲಸ ಮಾಡಿದ ಕೈ ಯಾರದು ಎನ್ನುವುದಕ್ಕಿಂತ ಆದ ಕೆಲಸ ಹೇಗಿದೆ ಎನ್ನುವುದು ಅಲ್ಲಿ ದೊಡ್ಡದು. ಲೈಸೆನ್ಸ್ ಇರುವವರು ಬಾರದ, ಬಾರದಿದ್ದರೂ ಕೆಲಸ ನಿಲ್ಲದ ನಮ್ಮ ಊರುಗಳಿಗೆ ಒಗ್ಗುವುದು ಇದೇ.

ಅದಕ್ಕೆ ಬೇಕಾದ ಏರ್ಪಾಡು ಅರ್ಧ ಇಲ್ಲೇ ಇದೆ. ಮೀಟರ್ ರೀಡರ್ ತಿಂಗಳಿಗೊಮ್ಮೆ ಎಲ್ಲ ಬಾಗಿಲಿಗೂ ಹೋಗುತ್ತಾರೆ. ಎಸ್ಸೆಸ್ಸೆಲ್ಸಿ ವಿಜ್ಞಾನದಲ್ಲಿ ಮನೆಯ ವಿದ್ಯುತ್ ಮಂಡಲದ ಪಾಠವಿದೆ. ಮಕ್ಕಳು ಚಿತ್ರ ಬರೆದು ಅಂಕ ಪಡೆಯುತ್ತಾರೆ, ತಮ್ಮ ಮನೆಯ ಬೋರ್ಡಿನಲ್ಲಿ ಅರ್ತ್ ವೈರು ಇದೆಯೇ ಎಂದು ನೋಡಿರುವುದಿಲ್ಲ. ಐಟಿಐ ಕಲಿತ ಹುಡುಗರು ಪ್ರತಿ ತಾಲ್ಲೂಕಿನಲ್ಲೂ ಇದ್ದಾರೆ. ಓಣಿಯ ವೈರಿಂಗ್ ಹುಡುಗನಿಗೆ ಕನ್ನಡದಲ್ಲಿ, ಕೈಕೆಲಸವನ್ನೇ ನೋಡಿ ಪರ್ಮಿಟ್ ಕೊಡುವ ಶಿಬಿರವನ್ನು ಪರಿವೀಕ್ಷಣಾಲಯ ಮಸ್ಕಿಯಲ್ಲೋ ಸಿಂಧನೂರಿನಲ್ಲೋ ನಡೆಸಬೇಕು. ಪರ್ಮಿಟ್ ಪಡೆದ ಅವರ ಕೈಗೆ ಅರ್ತ್ ಟೆಸ್ಟರ್, ಮೆಗ್ಗರ್ ಕೊಟ್ಟು ಮನೆ ಮನೆಗೆ ಕಳಿಸುವ ಕೆಲಸವನ್ನು ಜೆಸ್ಕಾಂ ಮತ್ತು ಪಟ್ಟಣ ಪಂಚಾಯಿತಿ ಕೂಡಿ ಮಾಡಬಹುದು. ಆರ್‌ಸಿಸಿಬಿಗೆ ಎರಡು ಸಾವಿರ ರೂಪಾಯಿ ಆಸುಪಾಸು ಬೀಳುತ್ತದೆ. ಗೃಹಜ್ಯೋತಿಯಲ್ಲಿ ಒಂದು ಸಾಧಾರಣ ಮನೆಗೆ ಸರ್ಕಾರ ಕೆಲವೇ ತಿಂಗಳಲ್ಲಿ ಭರಿಸುವ ಮೊತ್ತ ಅಷ್ಟಾಗುತ್ತದೆ. ಸಣ್ಣ ಸಂಪರ್ಕದ ಮನೆಗಳಿಗೆ ಅದನ್ನು ಒಮ್ಮೆ ಉಚಿತವಾಗಿ ಕೂರಿಸಿಕೊಡುವುದು ಭಾರವಾದ ಕೇಳಿಕೆಯಲ್ಲ.

ಆ ಕೆಲಸಕ್ಕೆ ಸಂಕ್ರಾಂತಿ ಮತ್ತು ಶಿವರಾತ್ರಿಯ ನಡುವಿನ ದಿನಗಳು ಸರಿಯಾದ ಹೊತ್ತು. ಆಗ ಹಿಂಗಾರಿನ ತೇವ ಆರಿ ಅರ್ತಿಂಗಿನ ನಿಜವಾದ ಸ್ಥಿತಿ ಟೆಸ್ಟರಿನಲ್ಲಿ ಕಾಣುತ್ತದೆ, ಕೂಲರ್‌ಗಳು ಇನ್ನೂ ಅಟ್ಟದ ಮೇಲೇ ಇರುತ್ತವೆ.