ಗೇಟ್ ಇದ್ರೆ ಸಾಲದು, ಲೆಕ್ಕನೂ ಬೇಕು

ನಮ್ಮ ವೀರನಹೊಸಹಳ್ಳಿ ಗೇಟ್‌ನಲ್ಲಿ ನಾಗರಹೊಳೆ ದಾರಿ ಹಿಡಿಯೋ ಗಾಡಿಗಳ ನಂಬರು, ಟೈಮು ಬರ್ಕೊಳ್ತಾರೆ. "ಇದೆಲ್ಲ ಯಾಕಪ್ಪಾ" ಅಂತ ಗೊಣಗೋರು ಈ ಕಥೆ ಕೇಳಿ.

ಗಡಿಯಾಚೆ, ಆಂಧ್ರದ ಪೆನುಕೊಂಡದಲ್ಲಿ ಕಿಯಾ ಕಾರು ಫ್ಯಾಕ್ಟರಿ ಇದೆ. 2025ರ ಮಾರ್ಚ್‌ನಲ್ಲಿ ಪೊಲೀಸರಿಗೆ ದೂರು ಹೋಯ್ತು: ಸುಮಾರು 900 ಎಂಜಿನ್ ನಾಪತ್ತೆ! ಒಂದು ರಾತ್ರಿಯ ಕಳ್ಳತನ ಅಲ್ಲ, 5 ವರ್ಷದಿಂದ ನಡೆದದ್ದು ಅಂದ್ರು ಪೊಲೀಸರು. ಅನುಮಾನ ಒಳಗಿನವರ ಮೇಲೇ.

ಎಲ್ಲೇ ಇಂಥದ್ದಾದ್ರೂ ಮೊದಲು ಬೈಸಿಕೊಳ್ಳೋದು ಸೆಕ್ಯೂರಿಟಿ ಅಣ್ಣ. ಇದು ಅನ್ಯಾಯ. ಸ್ಟಾಕ್ ಎಣಿಸೋದು ಆಫೀಸಿನ ಕೆಲಸ. ಬಂದ ಎಂಜಿನ್ ಎಷ್ಟು, ಕಾರಿಗೆ ಕೂತದ್ದೆಷ್ಟು ಅಂತ ದಿನಾ ತಾಳೆ ನೋಡಿದ್ರೆ ಗೊತ್ತಾಗೋಕೆ 5 ವರ್ಷ ಬೇಕಿತ್ತಾ?

ಇನ್ನೊಂದು ಮಾತು. ಕೊಳ್ಳೋರಿಲ್ದೆ ಯಾರೂ ಎಂಜಿನ್ ಕದಿಯಲ್ಲ. "ಪೇಪರ್ ಇಲ್ಲ ಮಗಾ, ಅರ್ಧ ರೇಟು" ಅಂದ ತಕ್ಷಣ ಬೈಕ್ ತಗೊಳ್ಳೋ ನಮ್ಮಂಥವರಿಂದಲೇ ಕಳ್ಳನ ವ್ಯಾಪಾರ ನಡೆಯೋದು. ಕದ್ದ ಮಾಲು ಅಂತ ಗೊತ್ತಿದ್ದೂ ಕೊಂಡ್ರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಸೆಕ್ಷನ್ ಪ್ರಕಾರ 3 ವರ್ಷದವರೆಗೂ ಜೈಲಾಗಬಹುದು.

ಸೆಕೆಂಡ್ ಹ್ಯಾಂಡ್ ಗಾಡಿ ತಗೊಳ್ತೀರಾ? ಆರ್‌ಸಿಯಲ್ಲಿರೋ ಚಾಸಿ ನಂಬರು, ಎಂಜಿನ್ ನಂಬರು ಗಾಡಿ ಮೇಲಿರೋದಕ್ಕೆ ಹೊಂದುತ್ತಾ ನೋಡಿ. ಹೊಂದದಿದ್ರೆ, ಎಷ್ಟೇ ಚೀಪಾಗಿರಲಿ, ಬಿಟ್ಟು ಬನ್ನಿ.

#ವೀರನಹೊಸಹಳ್ಳಿ #ಹುಣಸೂರು #ಗಾಡಿಕಳ್ಳತನ